ಟಿ.ವಿ. ಡಾಂಗಲ್: ಕೊಳ್ಳುವ ಮುನ್ನ ಒಂದಿಷ್ಟು ವಿವೇಚನೆ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಮಾಜದ ಮನೆಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಗಳ ಸಭೆಗಳಲ್ಲಿಯೂ ಒಂದೇ ಬಗೆಯ ಪ್ರಶ್ನೆ ಕೇಳಿಬರುತ್ತಿದೆ. ಟಿ.ವಿ.ಯ ಹಿಂಬದಿಗೆ ಸಿಕ್ಕಿಸುವ, ಅಂತರ್ಜಾಲದಿಂದ ಚಲನಚಿತ್ರ, ಧಾರಾವಾಹಿ, ಪ್ರವಚನಗಳನ್ನು ತಂದು ತೆರೆಯ ಮೇಲೆ ತೋರಿಸುವ ‘ಡಾಂಗಲ್’ ಅಥವಾ ‘ಸ್ಟಿಕ್’ ಎಂಬ ಬೆರಳುದ್ದದ ಸಾಧನವನ್ನು ಕೊಳ್ಳಬೇಕೆ, ಬೇಡವೆ? ಪ್ರಶ್ನೆಯಷ್ಟೇ ಬೇಗ ಉತ್ತರವೂ ಬಂದುಬಿಡುತ್ತದೆ. “ಕೆಲವೇ ಸಾವಿರ ರೂಪಾಯಿಯ ವಸ್ತು, ಇದಕ್ಕೆ ಇಷ್ಟೊಂದು ಚರ್ಚೆ ಏಕೆ? ತಂದು ಸಿಕ್ಕಿಸಿದರಾಯಿತು” ಎಂಬುದು ಒಂದು ಪಕ್ಷ. “ಇದೆಲ್ಲ ಮನೆ ಕೆಡಿಸುವ ಮಾಯೆ, ಹೊಸ್ತಿಲೊಳಗೆ ಬರಲೇಬಾರದು” ಎಂಬುದು ಇನ್ನೊಂದು ಪಕ್ಷ.

ಎರಡೂ ಏಕಾಂತವಾದಗಳೇ. ಮೊದಲನೆಯದು ವಸ್ತುವನ್ನು ಪರೀಕ್ಷಿಸದೆ ಒಪ್ಪುತ್ತದೆ; ಎರಡನೆಯದು ಪರೀಕ್ಷಿಸದೆ ತಳ್ಳುತ್ತದೆ. ಎರಡನೆಯ ಪಕ್ಷದವರ ಸಂಖ್ಯೆ ದಿನೇ ದಿನೇ ಕ್ಷೀಣಿಸುತ್ತಿರುವುದರಿಂದ ಅವರೊಡನೆ ನಮಗೆ ಹೆಚ್ಚಿನ ವಾಗ್ವಾದವಿಲ್ಲ. ನಮ್ಮ ವಾದವಿರುವುದು ಮೊದಲನೆಯ ಪಕ್ಷದೊಡನೆ. ಬೆಲೆ ಕಡಿಮೆ ಎಂಬ ಒಂದೇ ಕಾರಣದಿಂದ ವಿವೇಚನೆಯನ್ನು ಬಿಟ್ಟುಕೊಡುವ ಅಭ್ಯಾಸವೇ ಇಂದಿನ ಪರಿಗ್ರಹದ ಮೂಲ. ದೊಡ್ಡ ವಸ್ತುಗಳನ್ನು ಕೊಳ್ಳುವಾಗ ನಾವು ಹತ್ತು ಬಾರಿ ಯೋಚಿಸುತ್ತೇವೆ. ನಮ್ಮ ಮನೆಗಳು ತುಂಬಿರುವುದು ಯೋಚಿಸದೆ ಕೊಂಡ ಸಣ್ಣ ವಸ್ತುಗಳಿಂದ.

ವಾದಕ್ಕೆ ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಕ್ರಮ. ಡಾಂಗಲ್ ಎಂದರೆ ಒಂದು ಪುಟ್ಟ ಗಣಕಯಂತ್ರ. ಟಿ.ವಿ.ಯಲ್ಲಿ ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಕಿಂಡಿಯೊಂದಿರುತ್ತದೆ. ಅದರ ಮೂಲಕ ಚಿತ್ರ ಮತ್ತು ಧ್ವನಿ ಒಂದೇ ತಂತಿಯಲ್ಲಿ ಒಳಹೋಗುತ್ತವೆ. ಡಾಂಗಲ್ ಅಲ್ಲಿಯೇ ಕುಳಿತು ವೈ-ಫೈ ಮೂಲಕ ಅಂತರ್ಜಾಲವನ್ನು ತಲುಪಿ, ಕೇಳಿದ ಚಿತ್ರವನ್ನು ತುಣುಕು ತುಣುಕಾಗಿ ತರಿಸಿಕೊಂಡು ತೆರೆಗೆ ಕಳುಹಿಸುತ್ತದೆ. ಚಿತ್ರವು ಮನೆಯಲ್ಲಿ ಶೇಖರವಾಗುವುದಿಲ್ಲ; ಹರಿದು ಬಂದು ಹರಿದು ಹೋಗುತ್ತದೆ. ಗೂಗಲ್ ಸಂಸ್ಥೆಯು 2013ರ ಜುಲೈಯಲ್ಲಿ ‘ಕ್ರೋಮ್‌ಕಾಸ್ಟ್’ ಎಂಬ ಹೆಸರಿನಲ್ಲಿ ಇಂತಹ ಸಾಧನವನ್ನು ಅಮೆರಿಕದಲ್ಲಿ 35 ಡಾಲರಿಗೆ ಮಾರತೊಡಗಿತು. 2014ರ ಡಿಸೆಂಬರಿನಲ್ಲಿ ಅದು 2,999 ರೂ.ಗೆ ಭಾರತಕ್ಕೆ ಬಂದಿತು. ಅಮೆಜಾನ್ ಸಂಸ್ಥೆಯ ‘ಫೈರ್ ಟಿ.ವಿ. ಸ್ಟಿಕ್’ 2017ರ ಏಪ್ರಿಲಿನಲ್ಲಿ 3,999 ರೂ.ಗೆ ಇಲ್ಲಿ ಮಾರಾಟಕ್ಕೆ ಬಂದಿತು. ಆ ಕಾಲದಲ್ಲಿ ಅಂತರ್ಜಾಲದ ಸೌಕರ್ಯವಿಲ್ಲದ ಟಿ.ವಿ.ಗಳೇ ಹೆಚ್ಚಾಗಿದ್ದುದರಿಂದ ಈ ಸಾಧನಕ್ಕೆ ನಿಜವಾದ ಕೆಲಸವಿತ್ತು.

ಇಂದು ಆ ಸ್ಥಿತಿ ಬದಲಾಗಿದೆ. ಅಂಗಡಿಗಳಲ್ಲಿ ಮಾರಾಟವಾಗುವ ಟಿ.ವಿ.ಗಳಲ್ಲಿ ಹೆಚ್ಚಿನವು ‘ಸ್ಮಾರ್ಟ್’ ಎಂಬ ಹೆಸರಿನವು. ಎಂದರೆ, ಡಾಂಗಲ್ ಮಾಡುವ ಕೆಲಸವನ್ನು ಮಾಡಬಲ್ಲ ಯಂತ್ರವು ಅವುಗಳ ಒಡಲಲ್ಲಿಯೇ ಇದೆ. ಅಂತಹ ಟಿ.ವಿ.ಯುಳ್ಳ ಮನೆಯವರು ಹಬ್ಬದ ರಿಯಾಯಿತಿಯ ಜಾಹೀರಾತು ಕಂಡು ಡಾಂಗಲನ್ನೂ ತರಿಸಿದರೆ, ಒಂದೇ ಕೆಲಸಕ್ಕೆ ಎರಡು ಯಂತ್ರಗಳನ್ನು ಇಟ್ಟುಕೊಂಡಂತಾಯಿತು. ಬಾವಿಯ ಪಕ್ಕದಲ್ಲಿ ಮತ್ತೊಂದು ಬಾವಿ ತೋಡಿಸಿದವರಿಗೆ ಸಿಗುವುದು ಅದೇ ನೀರು. ಇನ್ನು ಕೆಲವರಿಗೆ ಬೇಕಿರುವುದು ವರ್ಷಕ್ಕೆ ನಾಲ್ಕಾರು ಬಾರಿ ಮಗಳ ಮದುವೆಯ ವಿಡಿಯೋವನ್ನೋ ಮೊಮ್ಮಗನ ಶಾಲೆಯ ಉತ್ಸವವನ್ನೋ ದೊಡ್ಡ ತೆರೆಯಲ್ಲಿ ನೋಡುವುದಷ್ಟೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಕೆಲವು ನೂರು ರೂಪಾಯಿಯ ಎಚ್.ಡಿ.ಎಂ.ಐ. ತಂತಿ ಸಾಕು, ಇಲ್ಲವೆ ಪೆನ್‌ಡ್ರೈವ್ ಸಾಕು. ಈ ಸರಳ ಮಾತನ್ನು ಮಾರುವವರು ಹೇಳುವುದಿಲ್ಲ. ಹೇಳಬೇಕಾದ ಹೊಣೆಯೂ ಅವರದಲ್ಲ. ಕೇಳಿಕೊಳ್ಳಬೇಕಾದವರು ಕೊಳ್ಳುವವರು.

ಹಾಗಾದರೆ ಡಾಂಗಲ್ ಸರ್ವಥಾ ನಿರುಪಯುಕ್ತವೆ? ಅಲ್ಲ. ಹತ್ತು ವರ್ಷದ ಹಿಂದೆ ಕೊಂಡ ಟಿ.ವಿ.ಯೊಂದಿದೆ ಎಂದಿಟ್ಟುಕೊಳ್ಳೋಣ. ಅದರ ತೆರೆ ನಿರ್ಮಲವಾಗಿದೆ, ಧ್ವನಿ ಸ್ಪಷ್ಟವಾಗಿದೆ, ಎಚ್.ಡಿ.ಎಂ.ಐ. ಕಿಂಡಿಯೂ ಇದೆ; ಆದರೆ ಅದರೊಳಗೆ ಅಂತರ್ಜಾಲವಿಲ್ಲ, ಅಥವಾ ಒಳಗಿನ ತಂತ್ರಾಂಶ ಹಳತಾಗಿ ತೆವಳುತ್ತಿದೆ. ಇಂತಹ ಟಿ.ವಿ.ಯನ್ನು ಗುಜರಿಗೆ ಹಾಕಿ ಮೂವತ್ತು ನಲವತ್ತು ಸಾವಿರದ ಹೊಸ ಟಿ.ವಿ. ತರುವುದಕ್ಕಿಂತ ಡಾಂಗಲೊಂದನ್ನು ಸಿಕ್ಕಿಸುವುದೇ ಅಲ್ಪಾರಂಭ, ಅಲ್ಪಪರಿಗ್ರಹ. ಒಂದು ಟಿ.ವಿ. ನಿರ್ಮಾಣವಾಗುವಾಗ ಅಗೆಯುವ ಭೂಮಿ, ಸುಡುವ ಇಂಧನ, ಎಸೆದ ಮೇಲೆ ಮಣ್ಣಿಗೂ ನೀರಿಗೂ ಸೇರುವ ವಿಷ ಇವೆಲ್ಲ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳ ಮೇಲೆ ಬೀಳುವ ಭಾರ. ವಿದ್ಯುನ್ಮಾನ ತ್ಯಾಜ್ಯದ ವಿಲೇವಾರಿಗೆ 2023ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ನಿಯಮಗಳು ಜಾರಿಯಲ್ಲಿದ್ದು, ತಯಾರಕರ ಮೇಲೆ ಮರುಬಳಕೆಯ ಹೊಣೆಯನ್ನು ಹೊರಿಸಿವೆ. ಆದರೆ ಸುಸ್ಥಿತಿಯ ಟಿ.ವಿ.ಯನ್ನು ಮನೆಯಿಂದ ಹೊರಗೆ ಹಾಕದಿರುವಂತೆ ಮಾಡುವ ನಿಯಮವನ್ನು ಯಾವ ಸರಕಾರವೂ ಮಾಡಲಾರದು. ಅದು ಶ್ರಾವಕನ ವ್ರತಕ್ಕೆ ಸೇರಿದ್ದು. ಆದ್ದರಿಂದ ಡಾಂಗಲನ್ನು ಪಾಪವೆಂದು ಜರೆದು, ಅದೇ ಉಸಿರಿನಲ್ಲಿ ಗೋಡೆಯಗಲದ ಹೊಸ ಟಿ.ವಿ.ಯನ್ನು ತರುವ ಸಜ್ಜನರು ತಮ್ಮ ತರ್ಕವನ್ನು ಮತ್ತೊಮ್ಮೆ ಪರಿಶೀಲಿಸುವುದೊಳ್ಳೆಯದು.

ಇನ್ನು ಬೆಲೆಯ ಮಾತು. ಪೆಟ್ಟಿಗೆಯ ಮೇಲೆ ಮುದ್ರಿತವಾದ ಬೆಲೆಯು ಈ ವ್ಯವಹಾರದ ಪ್ರವೇಶಶುಲ್ಕ ಮಾತ್ರ. ಅಮೆಜಾನ್ ಪ್ರೈಂ ಸದಸ್ಯತ್ವವು 2016ರಲ್ಲಿ ಭಾರತದಲ್ಲಿ ಆರಂಭವಾದಾಗ ಪ್ರಾರಂಭದ ದರ ವರ್ಷಕ್ಕೆ 499 ರೂ. ಇತ್ತು. ಬಳಿಕ ಅದು 999 ಆಯಿತು. 2021ರ ಡಿಸೆಂಬರಿನಲ್ಲಿ 1,499 ಆಯಿತು. 2025ರ ಜೂನ್ 17ರಿಂದ ಆ ಚಂದಾದಾರರಿಗೂ ಚಿತ್ರಗಳ ನಡುವೆ ಜಾಹೀರಾತು ತೋರಿಸುವುದು ಆರಂಭವಾಯಿತು. ಜಾಹೀರಾತು ಬೇಡವೆಂದವರು ವರ್ಷಕ್ಕೆ ಮತ್ತೆ 699 ರೂ. ಅಥವಾ ತಿಂಗಳಿಗೆ 129 ರೂ. ಕೊಡಬೇಕೆಂದು ವಿಧಿಸಲಾಯಿತು. ಈ ಸದಸ್ಯತ್ವದಲ್ಲಿ ಸರಕು ಸಾಗಣೆಯಂತಹ ಬೇರೆ ಅನುಕೂಲಗಳೂ ಸೇರಿವೆ ಎಂಬುದನ್ನು ಒಪ್ಪೋಣ. ಆದರೂ 2025ರ ಆ ದರಗಳಂತೆ ಜಾಹೀರಾತಿಲ್ಲದೆ ನೋಡಬಯಸುವವನು ವರ್ಷಕ್ಕೆ ತೆರುವುದು 2,198 ರೂ.; ನಾಲ್ಕು ವರ್ಷಕ್ಕೆ 8,792 ರೂ. ಡಾಂಗಲಿನ ಬೆಲೆಯ ಎರಡು ಪಟ್ಟಿಗೂ ಮೀರಿದ ಈ ಮೊತ್ತ ಒಂದು ಸಂಸ್ಥೆಗೆ ಮಾತ್ರ. ಒಂದೊಂದು ಚಿತ್ರ ಒಂದೊಂದು ಸಂಸ್ಥೆಯಲ್ಲಿ ಹಂಚಿಹೋಗಿರುವುದರಿಂದ ಒಂದು ಚಂದಾ ಎರಡಾಗಿ, ಎರಡು ಮೂರಾಗುವುದು ಎಲ್ಲ ಮನೆಗಳ ಅನುಭವ.

ಅಂತರ್ಜಾಲದ ಲೆಕ್ಕ ಬೇರೆ. ನೆಟ್‌ಫ್ಲಿಕ್ಸ್ ಸಂಸ್ಥೆಯೇ ತಿಳಿಸುವಂತೆ, ಸಾಧಾರಣ ಗುಣಮಟ್ಟದ ಚಿತ್ರವು ಗಂಟೆಗೆ ಸುಮಾರು 1 ಜಿ.ಬಿ., ಎಚ್.ಡಿ. ಚಿತ್ರವು ಗಂಟೆಗೆ 3 ಜಿ.ಬಿ. ವರೆಗೆ, 4ಕೆ ಚಿತ್ರವು 7 ಜಿ.ಬಿ. ವರೆಗೆ ಬಳಸಬಲ್ಲದು. ದಿನಕ್ಕೆ 2 ಜಿ.ಬಿ. ಕೊಡುವ ಮೊಬೈಲ್ ಯೋಜನೆಯನ್ನು ನೆಚ್ಚಿ ಡಾಂಗಲ್ ಕೊಂಡ ಮನೆಯಲ್ಲಿ ಎಚ್.ಡಿ. ಚಿತ್ರವು ನಲವತ್ತು ನಿಮಿಷಕ್ಕೆ ನಿಂತುಹೋಗಬಹುದು. ಆಗ ಫೈಬರ್ ಸಂಪರ್ಕ ಬೇಕೆನಿಸುತ್ತದೆ. ತಿಂಗಳಿಗೆ 500 ರೂ. ಎಂದು ಹಿಡಿದರೂ ವರ್ಷಕ್ಕೆ 6,000 ರೂ. ಆಯಿತು. ಮಕ್ಕಳ ವಿದ್ಯಾಭ್ಯಾಸಕ್ಕೋ ವ್ಯಾಪಾರಕ್ಕೋ ಆ ಸಂಪರ್ಕ ಮೊದಲೇ ಇರುವ ಮನೆಗಳಿಗೆ ಈ ಲೆಕ್ಕ ಅನ್ವಯಿಸದು. ಮಲೆನಾಡಿನ ಹಾಗೂ ಕರಾವಳಿಯ ಒಳನಾಡಿನ, ತಂತಿಯ ಸಂಪರ್ಕವೇ ತಲುಪದ ಮನೆಗಳವರು ಮಾತ್ರ ಡಾಂಗಲಿನ ಬೆಲೆಯನ್ನು ಕೇಳುವ ಮೊದಲು ಈ ಲೆಕ್ಕವನ್ನು ಬರೆದು ನೋಡಬೇಕು.

ಹಣಕ್ಕಿಂತಲೂ ಗಂಭೀರವಾದ ಪ್ರಶ್ನೆ ಒಡೆತನದ್ದು. ಕೊಂಡ ವಸ್ತು ಕೊಂಡವನದು ಎಂಬುದು ಲೋಕರೂಢಿ. ಡಾಂಗಲಿನ ವಿಷಯದಲ್ಲಿ ಈ ರೂಢಿ ಅರ್ಧ ಮಾತ್ರ ಸತ್ಯ. ನೆಟ್‌ಫ್ಲಿಕ್ಸ್ ಸಂಸ್ಥೆಯು 2019ರ ಡಿಸೆಂಬರಿನಲ್ಲಿ ಕೆಲವು ಹಳೆಯ ರೋಕು ಸಾಧನಗಳಿಗೂ ಹಳೆಯ ಟಿ.ವಿ.ಗಳಿಗೂ ತನ್ನ ಸೇವೆಯನ್ನು ನಿಲ್ಲಿಸಿತು. ಮೊದಲ ತಲೆಮಾರಿನ ಕ್ರೋಮ್‌ಕಾಸ್ಟಿಗೆ ಗೂಗಲ್ 2023ರಲ್ಲಿ ಬೆಂಬಲ ನಿಲ್ಲಿಸಿತು. 2024ರ ಆಗಸ್ಟಿನಲ್ಲಿ, ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಗಿದ್ದ ಆ ಸರಣಿಯ ಉತ್ಪಾದನೆಯನ್ನೇ ಕೈಬಿಡುವುದಾಗಿ ಘೋಷಿಸಿತು. 2025ರ ಮಾರ್ಚಿನಲ್ಲಿ ನಡೆದ ಘಟನೆಯಂತೂ ಎಲ್ಲರೂ ನೆನಪಿಡತಕ್ಕದ್ದು. 2015ರಲ್ಲಿ ಬಿಡುಗಡೆಯಾದ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಒಮ್ಮೆಗೇ ಸ್ತಬ್ಧವಾದವು. ಯಂತ್ರ ಕೆಟ್ಟಿರಲಿಲ್ಲ, ವಿದ್ಯುತ್ತು ಹೋಗಿರಲಿಲ್ಲ. ಆ ಸಾಧನ ಅಸಲಿಯೆಂದು ದೃಢೀಕರಿಸುವ, ಹತ್ತು ವರ್ಷದ ಅವಧಿಯುಳ್ಳ ಡಿಜಿಟಲ್ ಪ್ರಮಾಣಪತ್ರವೊಂದು ಅವಧಿ ಮೀರಿತ್ತು, ಅಷ್ಟೆ. ಕೆಲವು ದಿನಗಳ ಅನಂತರ ಸಂಸ್ಥೆಯು ಪರಿಹಾರವನ್ನು ಕಳುಹಿಸಿತೆಂಬುದು ನಿಜ. ಆದರೆ ನಮ್ಮ ಮನೆಯ ಗೋಡೆಯ ಮೇಲಿನ, ನಾವೇ ಹಣ ತೆತ್ತು ಕೊಂಡ ವಸ್ತುವಿನ ಬೀಗದ ಕೈ ಯಾರಲ್ಲಿದೆ ಎಂಬುದು ಆ ದಿನಗಳಲ್ಲಿ ಲೋಕಕ್ಕೇ ತಿಳಿಯಿತು.

ಇಲ್ಲಿ ನಮ್ಮ ಪರಂಪರೆಯ ಎರಡು ನಿದರ್ಶನಗಳನ್ನು ನೆನೆಯದಿರಲಾಗದು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೈಗೆ ಬಂದ ಪ್ರತಿಯು ಪಡೆದವನ ಸ್ವತ್ತಾಯಿತು. ಮರುವರ್ಷ ಅದನ್ನು ಓದಲು ಅವನು ಯಾರಿಗೂ ಚಂದಾ ಕೊಡಬೇಕಿರಲಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದುಬಂದವು. ಅವುಗಳ ದರ್ಶನಕ್ಕೂ ಒಂದು ಕಾಲದಲ್ಲಿ ಅನುಮತಿ ಬೇಕಿತ್ತು ಎಂದು ಬಲ್ಲವರು ಆಕ್ಷೇಪಿಸಬಹುದು. ನಿಜ, ಆದರೆ ಅನುಮತಿ ಕೊಡಬೇಕಾದವರು ಸಮಾಜದವರೇ ಆಗಿದ್ದರು. ಅವರೊಡನೆ ವಾದಿಸಬಹುದಿತ್ತು, ಒಲಿಸಬಹುದಿತ್ತು. ಕೊನೆಗೆ ಒಲಿಸಿಯೂ ಆಯಿತು, ಗ್ರಂಥಗಳು ಮುದ್ರಣವನ್ನೂ ಕಂಡವು. ಸಾಗರದಾಚೆಯ ಸಂಸ್ಥೆಯೊಡನೆ ವಾದಿಸಲು ನಮ್ಮ ಗೃಹಸ್ಥನಿಗೆ ಇರುವ ದಾರಿ ಯಾವುದು? ‘ನಾನು ಒಪ್ಪುತ್ತೇನೆ’ ಎಂಬ ಗುಂಡಿಯೊಂದೇ.

ಗುಂಡಿಯೊತ್ತಿ ಒಪ್ಪಿದ್ದೇನನ್ನು ಎಂಬುದನ್ನೂ ತಿಳಿಯಬೇಕು. 2019ರಲ್ಲಿ ಪ್ರಿನ್ಸ್‌ಟನ್ ಮತ್ತು ಷಿಕಾಗೋ ವಿಶ್ವವಿದ್ಯಾಲಯಗಳ ಸಂಶೋಧಕರು ನಡೆಸಿದ ಪರೀಕ್ಷೆಯಲ್ಲಿ, ರೋಕು ಸಾಧನದ ವಾಹಿನಿಗಳಲ್ಲಿ ಶೇ. 69ರಲ್ಲಿಯೂ ಅಮೆಜಾನ್ ಫೈರ್ ಟಿ.ವಿ.ಯ ವಾಹಿನಿಗಳಲ್ಲಿ ಶೇ. 89ರಲ್ಲಿಯೂ ನೋಡುಗರ ಜಾಡು ಹಿಡಿಯುವ ತಂತ್ರಾಂಶಗಳು ಕಂಡುಬಂದವು. ಡಾಂಗಲಿಲ್ಲದ ಸ್ಮಾರ್ಟ್ ಟಿ.ವಿ.ಯೂ ಈ ದೋಷದಿಂದ ಮುಕ್ತವಲ್ಲ. 2017ರಲ್ಲಿ ವಿಜಿಯೋ ಎಂಬ ಟಿ.ವಿ. ತಯಾರಕ ಸಂಸ್ಥೆಯು, 1 ಕೋಟಿ 10 ಲಕ್ಷ ಟಿ.ವಿ.ಗಳಿಂದ ನೋಡುಗರ ಒಪ್ಪಿಗೆಯಿಲ್ಲದೆ ವೀಕ್ಷಣೆಯ ವಿವರ ಸಂಗ್ರಹಿಸಿದ ಆರೋಪವನ್ನು ಇತ್ಯರ್ಥಪಡಿಸಿಕೊಳ್ಳಲು 22 ಲಕ್ಷ ಡಾಲರ್ ತೆರಬೇಕಾಯಿತು. ನಾವು ತೆರೆಯನ್ನು ನೋಡುತ್ತಿರುವಾಗ ತೆರೆಯೂ ನಮ್ಮನ್ನು ನೋಡುತ್ತಿರುತ್ತದೆ ಎಂಬುದು ಅಲಂಕಾರದ ಮಾತಲ್ಲ. ಕೊಳ್ಳುವವರು ಕೊಂಡ ದಿನವೇ ಸಾಧನದ ಸೆಟ್ಟಿಂಗ್ ತೆರೆದು ಜಾಹೀರಾತಿಗಾಗಿ ವಿವರ ಸಂಗ್ರಹಿಸುವ ಆಯ್ಕೆಗಳನ್ನು ನಿಲ್ಲಿಸತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ರಹಸ್ಯಸಂಖ್ಯೆಯ ಕಾವಲನ್ನು ಹಾಕತಕ್ಕದ್ದು.

ಇದಕ್ಕಿಂತಲೂ ಕೀಳಾದ ದಾರಿಯೊಂದಿದೆ. “ಇದೊಂದನ್ನು ಕೊಂಡರೆ ಜಗತ್ತಿನ ಎಲ್ಲ ಚಿತ್ರಗಳೂ ಜೀವಮಾನವಿಡೀ ಉಚಿತ” ಎಂದು ಹೇಳಿ, ಹೆಸರಿಲ್ಲದ ಪೆಟ್ಟಿಗೆಗಳನ್ನೂ ತಂತ್ರಾಂಶ ತಿದ್ದಿದ ಸ್ಟಿಕ್‌ಗಳನ್ನೂ ಮಾರುವವರಿದ್ದಾರೆ. ಇಂತಹ ಅಗ್ಗದ ಪೆಟ್ಟಿಗೆಗಳಲ್ಲಿ ದುಷ್ಟ ತಂತ್ರಾಂಶ ಅಡಗಿರುವ ಬಗ್ಗೆ 2025ರ ಜೂನಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್.ಬಿ.ಐ. ಸಾರ್ವಜನಿಕರನ್ನು ಎಚ್ಚರಿಸಿತು. ‘ಬ್ಯಾಡ್‌ಬಾಕ್ಸ್ 2.0’ ಎಂಬ ಈ ಜಾಲವು ಒಂದು ಕೋಟಿಗೂ ಹೆಚ್ಚು ಸಾಧನಗಳನ್ನು ವಶಪಡಿಸಿಕೊಂಡಿದೆ ಎಂದು ಗೂಗಲ್ ಮರುತಿಂಗಳು ನ್ಯಾಯಾಲಯದಲ್ಲಿ ದಾವೆ ಹೂಡಿತು. ಮನೆಯ ಮಾಲೀಕನು ಚಿತ್ರ ನೋಡುತ್ತಿರುವಾಗಲೇ ಅವನ ಪೆಟ್ಟಿಗೆಯು, ಅವನ ಅಂತರ್ಜಾಲದ ಹಾದಿಯನ್ನೇ ಬಳಸಿ ಪರರ ವಂಚನೆಗೆ ನೆರವಾಗುತ್ತಿರಬಹುದು. ಅಪಾಯದ ಮಾತು ಹಾಗಿರಲಿ, ಧರ್ಮದ ಮಾತು ಇನ್ನೂ ಸ್ಪಷ್ಟವಾಗಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು. ಕಳವು ಮಾಡಿ ತಂದ ವಸ್ತುವನ್ನು ತಿಳಿದು ಸ್ವೀಕರಿಸುವುದೆಂದು ಅದರ ಅರ್ಥ. ಕದ್ದದ್ದು ಚಿನ್ನವಾದರೇನು, ಚಿತ್ರವಾದರೇನು? ತಾನು ಕದ್ದಿಲ್ಲ, ಪೆಟ್ಟಿಗೆ ಕದ್ದಿತು ಎಂದು ಹೇಳುವ ಶ್ರಾವಕನಿಗೆ ಯಾವ ಆಚಾರ್ಯರೂ ವಿನಾಯಿತಿ ಕೊಟ್ಟಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮುಖ್ಯ ಆಕ್ಷೇಪ ಬಾಕಿಯಿದೆ. ಅದು ಹಣದ್ದೂ ಅಲ್ಲ, ಯಂತ್ರದ್ದೂ ಅಲ್ಲ, ಸಂಜೆಯದು.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ನಮ್ಮ ಮನೆಗಳ ಹಿರಿಯ ನಿಯಮ. ಅನ್ಯರ ಮನೆಗಳಲ್ಲಿ ರಾತ್ರಿಯ ಅಡಿಗೆ, ಊಟ, ಪಾತ್ರೆ ತೊಳೆಯುವ ಕೆಲಸಗಳಿಗೆ ಸಲ್ಲುವ ಎರಡು ಮೂರು ಗಂಟೆಗಳು ನಮಗೆ ಬಿಡುವಾಗಿ ಒದಗುತ್ತವೆ. ಅನಸ್ತಮಿತ ವ್ರತವು ಜೀವದಯೆಯ ಜೊತೆಯಲ್ಲಿ ನಮಗೆ ಅನುಗ್ರಹಿಸಿದ ದೊಡ್ಡ ಸಂಪತ್ತು ಈ ಬಿಡುವು. ಬಸದಿಯ ಆರತಿ, ಸಾಮಾಯಿಕ, ಸ್ವಾಧ್ಯಾಯ, ಅಜ್ಜಿ ಹೇಳುತ್ತಿದ್ದ ಪುರಾಣದ ಕಥೆ, ಮಕ್ಕಳ ಪಾಠ ಎಲ್ಲವೂ ಈ ವೇಳೆಯಲ್ಲಿಯೇ ಬೆಳೆದವು. ಜಾಗರೂಕನಾದ ವ್ಯಾಪಾರಿ ತನ್ನ ಅಂಗಡಿಯ ಮುಂಭಾಗವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ನಮ್ಮ ದಿನದ ಮುಂಭಾಗವೆಂದರೆ ಈ ಸಂಜೆ. ಡಾಂಗಲ್ ಬಂದು ಕೂರುವುದು ಅಲ್ಲಿಯೇ.

“ಟಿ.ವಿ. ಬಂದಾಗಲೇ ಸಂಜೆ ಹೋಯಿತಲ್ಲ. ಡಾಂಗಲ್ ಹೊಸದಾಗಿ ಕಸಿಯುವುದೇನು?” ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. 1987-88ರಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿಯನ್ನು ಪ್ರಸಾರ ಮಾಡಿದಾಗ ದೇಶವೇ ಟಿ.ವಿ.ಯ ಮುಂದೆ ಕುಳಿತಿತು. ಆದರೆ ವೇಳೆ ಮುಗಿದೊಡನೆ ಕಂತು ಮುಗಿಯುತ್ತಿತ್ತು. ಮುಂದಿನದಕ್ಕೆ ಒಂದು ವಾರ ಕಾಯಬೇಕಿತ್ತು. ನಿಲ್ಲಿಸುವ ಕೆಲಸವನ್ನು ಪ್ರಸಾರ ಕೇಂದ್ರವೇ ಮಾಡುತ್ತಿತ್ತು. ಡಾಂಗಲಿನಲ್ಲಿ ಹರಿದುಬರುವ ಧಾರಾವಾಹಿಗೆ ಆ ಅಂಕುಶವಿಲ್ಲ. ಒಂದು ಕಂತು ಮುಗಿದ ಕೆಲವೇ ಕ್ಷಣಗಳಲ್ಲಿ, ನೋಡುವವನು ಬೇಡವೆನ್ನದಿದ್ದರೆ, ಮುಂದಿನದು ತಾನೇ ಆರಂಭವಾಗುವಂತೆ ವ್ಯವಸ್ಥೆ ಮಾಡಿರುತ್ತಾರೆ. ಹಿಂದೆ ನೋಡಲು ಪ್ರಯತ್ನ ಬೇಕಿತ್ತು. ಈಗ ನಿಲ್ಲಿಸಲು ಪ್ರಯತ್ನ ಬೇಕು. ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಅವರು 2017ರಲ್ಲಿ, ತಮ್ಮ ಸಂಸ್ಥೆ ಸ್ಪರ್ಧಿಸುತ್ತಿರುವುದು ಜನರ ನಿದ್ರೆಯೊಡನೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಇಂತಹ ಎದುರಾಳಿಯ ಮುಂದೆ ಸಾಮಾಯಿಕ, ಸ್ವಾಧ್ಯಾಯಗಳು ಎಷ್ಟು ದಿನ ನಿಂತಾವು? ಈ ಸ್ವಯಂಚಾಲಿತ ಓಟವನ್ನು ನಿಲ್ಲಿಸುವ ಆಯ್ಕೆ ಖಾತೆಯಲ್ಲಿದೆ. ಅದನ್ನು ಹುಡುಕಿ ನಿಲ್ಲಿಸಿರುವ ಮನೆಗಳೆಷ್ಟು ಎಂದು ವಾಚಕರು ತಮ್ಮ ಬಳಗದಲ್ಲಿಯೇ ಕೇಳಿ ನೋಡಲಿ.

ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸಬಹುದಾದದ್ದು ಉಪಭೋಗ ಎಂದು ನಮ್ಮ ಶಾಸ್ತ್ರಕಾರರು ವಿಭಾಗಿಸಿದ್ದಾರೆ. ಎರಡಕ್ಕೂ ಪರಿಮಾಣ ಬೇಕೆಂದರು. ಡಾಂಗಲ್ ಕೊಳ್ಳುವವನು ಉಪಭೋಗದ ವಸ್ತುವೊಂದನ್ನು ಕೊಂಡೆನೆಂದು ಎಣಿಸುತ್ತಾನೆ; ಬಟ್ಟೆಯಂತೆ, ಪಾತ್ರೆಯಂತೆ ಅದು ಮನೆಯಲ್ಲಿ ಒಂದು ಎಣಿಕೆ. ವಾಸ್ತವದಲ್ಲಿ ಅವನು ಕೊಂಡದ್ದು ಭೋಗದ ಬಾಗಿಲನ್ನು. ವಸ್ತು ಒಂದೇ ಆದರೂ ಅದರೊಳಗಿಂದ ಬರುವುದಕ್ಕೆ ಎಣಿಕೆಯಿಲ್ಲ. ಆದಕಾರಣ ‘ನನ್ನಲ್ಲಿರುವುದು ಒಂದೇ ಡಾಂಗಲ್’ ಎಂಬುದು ಪರಿಮಾಣವಲ್ಲ. ‘ನಾನು ದಿನಕ್ಕೆ ಇಷ್ಟು ವೇಳೆ, ಇಂಥದನ್ನು ನೋಡುತ್ತೇನೆ’ ಎಂಬುದು ಪರಿಮಾಣ.

ಇನ್ನು ಬಸದಿಗಳ ಟ್ರಸ್ಟುಗಳ ವಿಷಯ. ಸಭಾಭವನಕ್ಕೊಂದು ದೊಡ್ಡ ಟಿ.ವಿ., ಅದಕ್ಕೊಂದು ಡಾಂಗಲ್ ಬೇಕೆಂಬ ಬೇಡಿಕೆಗೆ ಕೊಡುವ ಕಾರಣ ಒಳ್ಳೆಯದೇ: ದಶಲಕ್ಷಣ ಪರ್ವದಲ್ಲಿ ದೂರದ ಮುನಿಗಳ ಪ್ರವಚನವನ್ನು ಕೇಳಿಸಬಹುದು, ಮಹಾಮಸ್ತಕಾಭಿಷೇಕದಂತಹ ಉತ್ಸವದ ನೇರಪ್ರಸಾರವನ್ನು ಎಲ್ಲರೂ ಕೂಡಿ ನೋಡಬಹುದು, ಯುವಕರನ್ನು ಆಕರ್ಷಿಸಬಹುದು. ಉದ್ದೇಶ ಸ್ತುತ್ಯ, ಸಾಧನ ಮಾತ್ರ ತಕ್ಕುದಲ್ಲ ಎಂದು ನಮ್ಮ ಅಭಿಪ್ರಾಯ. ಏಕೆಂದರೆ, ಮೊದಲನೆಯದಾಗಿ, ನೆಟ್‌ಫ್ಲಿಕ್ಸ್ ಮೊದಲಾದ ಸಂಸ್ಥೆಗಳ ಚಂದಾ ಒಪ್ಪಂದಗಳು ವೈಯಕ್ತಿಕ, ಮನೆಮಟ್ಟಿನ, ವಾಣಿಜ್ಯೇತರ ಬಳಕೆಗೆ ಸೀಮಿತವಾಗಿವೆ. ಟ್ರಸ್ಟಿನ ಸದಸ್ಯರೊಬ್ಬರ ಮನೆಯ ಖಾತೆಯಿಂದ ಸಭಾಭವನದಲ್ಲಿ ಇನ್ನೂರು ಜನರಿಗೆ ಚಿತ್ರ ತೋರಿಸುವುದು ಆ ಒಪ್ಪಂದದ ಉಲ್ಲಂಘನೆ. ಅಚೌರ್ಯವನ್ನು ಬೋಧಿಸುವ ಸ್ಥಳದಲ್ಲಿಯೇ ಇದು ನಡೆಯಬೇಕೆ?

ಎರಡನೆಯದಾಗಿ, ಯೂಟ್ಯೂಬಿನಲ್ಲಿ ಉಚಿತವಾಗಿ ದೊರೆಯುವ ಪ್ರವಚನದ ನಡುವೆ ಯಾವ ಜಾಹೀರಾತು ತಲೆಯೆತ್ತುವುದೆಂದು ಯಾವ ಟ್ರಸ್ಟಿಗೂ ತಿಳಿಯದು. ಅಹಿಂಸೆಯ ಉಪದೇಶದ ನಡುವೆ ನಿಷಿದ್ಧ ಆಹಾರದ ಜಾಹೀರಾತು ಬಂದರೆ ಅದನ್ನು ತಡೆಯುವ ಅಧಿಕಾರ ಮಂಡಳಿಯ ಅಧ್ಯಕ್ಷರಿಗಿಲ್ಲ. ಮೂರನೆಯದಾಗಿ, ವರ್ಷದಲ್ಲಿ ಹತ್ತು ಹನ್ನೆರಡು ದಿನ ಬೇಕಾಗುವ ಕೆಲಸವಿದು. ಅಷ್ಟಕ್ಕೆ ಸದಸ್ಯರೊಬ್ಬರ ಲ್ಯಾಪ್‌ಟಾಪೂ ಒಂದು ತಂತಿಯೂ ಸಾಕು. ದಪ್ಪ ಕಲ್ಲಿನ ಗೋಡೆಯ ಹಳೆಯ ಕಟ್ಟಡಗಳಲ್ಲಿ ವೈ-ಫೈ ಅಲೆಗಳು ದುರ್ಬಲವಾಗುವುದರಿಂದ ಪ್ರಸಾರ ನಡುವೆ ತಡವರಿಸುವ ತೊಂದರೆಯೂ ಇದೆ. ತಂತಿಯ ಮೂಲಕ ಅಂತರ್ಜಾಲ ತಂದು ಲ್ಯಾಪ್‌ಟಾಪಿಗೆ ಜೋಡಿಸಿದರೆ ಆ ತೊಂದರೆ ತಪ್ಪುತ್ತದೆ.

ಇದಕ್ಕಿಂತ ಮುಖ್ಯವಾದುದು ನಾಲ್ಕನೆಯ ಕಾರಣ. ತಮ್ಮ ಬಸದಿಯಲ್ಲಿಯೇ ನಡೆದ ಪ್ರವಚನ, ಪೂಜಾವಿಧಾನ, ಹಿರಿಯರ ನೆನಪುಗಳು ಇವುಗಳನ್ನು ಮುನಿಗಳ ಹಾಗೂ ವಕ್ತಾರರ ಅನುಮತಿ ಪಡೆದು ಧ್ವನಿಮುದ್ರಿಸಿ, ವಿಡಿಯೋ ತೆಗೆದು, ಟ್ರಸ್ಟಿನದೇ ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ ಮಾಡಿ ಇಡುವುದು ನಿಜವಾದ ಶಾಸ್ತ್ರದಾನದ ಮುಂದುವರಿಕೆ. ಅದು ಬಸದಿಯ ಸ್ವತ್ತಾಗಿ ಉಳಿಯುತ್ತದೆ. ಯಾವ ಪ್ರಮಾಣಪತ್ರದ ಅವಧಿ ಮೀರಿದರೂ ಅದು ಸ್ತಬ್ಧವಾಗದು. ಡಾಂಗಲಿಗೂ ಅದರ ಚಂದಾಗಳಿಗೂ ತೆರುವ ಹಣದಲ್ಲಿಯೇ ಈ ಕೆಲಸವನ್ನು ಆರಂಭಿಸಬಹುದು. ಭಕ್ತರು ಕಾಣಿಕೆಯಾಗಿ ಕೊಟ್ಟ ದ್ರವ್ಯವು ವರ್ಷವರ್ಷವೂ ಪರಸಂಸ್ಥೆಯ ಬಾಡಿಗೆಯಾಗಿ ಹರಿದುಹೋಗುವುದಕ್ಕಿಂತ ಹೀಗೆ ನೆಲೆಗೊಳ್ಳುವುದು ಲೇಸು.

ಆಕ್ಷೇಪಕರ ಬಳಿ ಇನ್ನೊಂದು ಬಲವಾದ ವಾದವಿದೆ. ಅದನ್ನು ಮರೆಮಾಚುವುದು ಧರ್ಮವಲ್ಲ. ಮೊಣಕಾಲು ಸೋತು ಬಸದಿಯ ಮೆಟ್ಟಿಲು ಹತ್ತಲಾಗದ ಅಜ್ಜ, ಮೊಬೈಲಿನ ಸಣ್ಣ ಅಕ್ಷರ ಕಾಣದ ಅಜ್ಜಿ, ಇವರಿಗೆ ದೊಡ್ಡ ತೆರೆಯ ಮೇಲೆ ಪ್ರವಚನವನ್ನೂ ಅಭಿಷೇಕವನ್ನೂ ಕಾಣುವುದು ದಿನದ ದೊಡ್ಡ ಸಮಾಧಾನ. ರಿಮೋಟಿನ ಒಂದೇ ಗುಂಡಿಯೊತ್ತಿ ಮಾತಿನಲ್ಲಿ ಹೇಳಿದರೆ ಬೇಕಾದುದನ್ನು ಹುಡುಕಿ ಕೊಡುವ ಸೌಲಭ್ಯವೂ ಅವರಿಗೆ ಉಪಕಾರಿ. ಇಂತಹ ಮನೆಯಲ್ಲಿ, ಹಳೆಯ ಟಿ.ವಿ. ಸುಸ್ಥಿತಿಯಲ್ಲಿದ್ದು ಅಂತರ್ಜಾಲ ಮೊದಲೇ ಇದ್ದರೆ, ಡಾಂಗಲನ್ನು ಅವಶ್ಯವಾಗಿ ಕೊಳ್ಳಿರಿ. ಪ್ರತಿಷ್ಠಿತ ತಯಾರಕರದೇ ಕೊಳ್ಳಿರಿ. ಟಿ.ವಿ.ಯ ಯು.ಎಸ್.ಬಿ. ಕಿಂಡಿಯ ವಿದ್ಯುತ್ತು ಹಲವು ಬಾರಿ ಸಾಲದಾಗುವುದರಿಂದ, ಸಾಧನದೊಡನೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿರಿ. ನೋಡಿ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೇ ಆರಿಸಿರಿ. ಸುಮ್ಮನಿರುವಾಗ ಒಂದೇ ವಾಟ್ ಎಳೆಯುತ್ತದೆ ಎಂದರೂ ವರ್ಷಕ್ಕೆ ಸುಮಾರು ಒಂಬತ್ತು ಯೂನಿಟ್ ವಿದ್ಯುತ್ತು ಯಾರಿಗೂ ಉಪಯೋಗವಿಲ್ಲದೆ ವ್ಯಯವಾಗುತ್ತದೆ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಹೆಸರು. ಪ್ರಮಾಣ ಸಣ್ಣದೆಂದು ಹೆಸರು ಬದಲಾಗದು. ಅಜ್ಜಿಗಾಗಿ ಬಂದ ಡಾಂಗಲ್ ರಾತ್ರಿ ಹತ್ತರ ಮೇಲೆ ಯಾರಿಗಾಗಿ ಓಡುತ್ತಿದೆ ಎಂಬುದನ್ನೂ ಮನೆಯವರು ಗಮನಿಸಲಿ.

ಉಳಿದವರಿಗೆ ನಮ್ಮ ಸಲಹೆ ಒಂದೇ. ಆಷಾಢದಿಂದ ಕಾರ್ತಿಕದವರೆಗಿನ ಚಾತುರ್ಮಾಸ್ಯದಲ್ಲಿ ಏನಾದರೊಂದು ನಿಯಮ ಸ್ವೀಕರಿಸುವ ಪದ್ಧತಿ ನಮ್ಮಲ್ಲಿದೆ. ಮುಂದಿನ ಚಾತುರ್ಮಾಸ್ಯದಲ್ಲಿ ಮನೆಯವರೆಲ್ಲ ಒಂದು ಪುಸ್ತಕವಿಟ್ಟು, ಈಗಾಗಲೇ ಇರುವ ಟಿ.ವಿ. ಹಾಗೂ ಮೊಬೈಲುಗಳಲ್ಲಿ ಪ್ರತಿದಿನ ಏನನ್ನು ಎಷ್ಟು ಹೊತ್ತು ನೋಡಿದೆವೆಂದು ಪ್ರಾಮಾಣಿಕವಾಗಿ ಬರೆಯಲಿ. ನೋಡಬೇಕೆನಿಸಿಯೂ ಇರುವ ಸಾಧನಗಳಲ್ಲಿ ನೋಡಲಾಗದೆ ಹೋದದ್ದು ಯಾವುದೆಂದು ಇನ್ನೊಂದು ಪುಟದಲ್ಲಿ ಬರೆಯಲಿ. ನಾಲ್ಕು ತಿಂಗಳು ಕಳೆದ ಮೇಲೆ ಎರಡನೆಯ ಪುಟದಲ್ಲಿ ನಾಲ್ಕು ಸಾಲುಗಳೂ ಇಲ್ಲದಿದ್ದರೆ ಡಾಂಗಲ್ ಬೇಡ. ಇದ್ದರೆ, ಆ ಪುಟವನ್ನೇ ಪರಿಮಾಣವೆಂದು ಇಟ್ಟುಕೊಂಡು ಕೊಳ್ಳಲಿ. ಅದರಲ್ಲಿಲ್ಲದ್ದನ್ನು ನೋಡುವುದಿಲ್ಲವೆಂದು ಮನೆಯವರೆಲ್ಲರೂ ಒಪ್ಪಲಿ. ಮೊದಲನೆಯ ಪುಟ ಏನು ಹೇಳುತ್ತದೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಬರೆದವರಿಗೆ ಅದು ತಾನೇ ಹೇಳುತ್ತದೆ.

ವ್ಯಾಪಾರದಲ್ಲಿ ಒಂದು ಪೈಸೆಯನ್ನೂ ಲೆಕ್ಕವಿಲ್ಲದೆ ಬಿಡದ ಸಮಾಜ ನಮ್ಮದು. ಆ ಲೆಕ್ಕದ ಕಣ್ಣನ್ನು ಸಂಜೆಯ ಮೂರು ಗಂಟೆಗಳ ಮೇಲೂ ಇಡಬೇಕೆಂಬುದಷ್ಟೇ ಈ ಲೇಖನದ ತಾತ್ಪರ್ಯ. ಹೋದ ಹಣವನ್ನು ಮತ್ತೆ ಗಳಿಸಬಹುದು. ಕಳೆದ ಸಂಜೆಯನ್ನು ಯಾವ ಸಂಸ್ಥೆಯೂ ಮರುಪ್ರಸಾರ ಮಾಡಲಾರದು.